ನುಂಗಲಾರದವನಿಗೆ ಉಣಿಸುವ ವಿಷಯವಾಗಿ

ಹಸಿದವನಿಗೆ ಅನ್ನವಿಕ್ಕಬೇಕೋ ಬೇಡವೋ ಎಂದು ನಮ್ಮ ಹಳ್ಳಿಗಳಲ್ಲಿ ಯಾರೂ ತರ್ಕಮಾಡುವದಿಲ್ಲ. ಬಾಗಿಲಿಗೆ ಬಂದ ದಾರಿಗನಿಗೂ ಒಂದು ತುಂಡು ರೊಟ್ಟಿ, ಒಂದು ಚೆಂಬು ನೀರು ಕೊಡದೆ ಕಳುಹಿಸಿದ ಮನೆಯನ್ನು ಊರು ಒಳ್ಳೆಯ ಮನೆಯೆಂದು ಎಣಿಸುವದಿಲ್ಲ. ಹೀಗಿರಲಾಗಿ, ಹಸಿವೂ ಇದೆ, ಗಡಿಗೆಯಲ್ಲಿ ಅನ್ನವೂ ಇದೆ, ಉಣಿಸುವ ಕೈಯೂ ಇದೆ, ಆದರೆ ನುಂಗುವ ಶಕ್ತಿಯೊಂದೇ ಇಲ್ಲ ಎಂಬಂಥ ರೋಗಸ್ಥನು ನಮ್ಮ ಮನೆಯಲ್ಲಿಯೇ ಮಲಗಿದ್ದರೆ ನಾವು ಮಾಡತಕ್ಕದ್ದೇನು? ಅವನ ಹೊಟ್ಟೆಗೆ ಒಂದು ನಳಿಕೆಯನ್ನಿಟ್ಟು ಅದರ ಮೂಲಕ ಆಹಾರ ಕೊಡಬಹುದೆಂದು ವೈದ್ಯರು ಹೇಳಿದರೆ ಅದಕ್ಕೆ ಒಪ್ಪಬೇಕೋ ಬೇಡವೋ? ಒಪ್ಪತಕ್ಕವರು ಯಾರು, ರೋಗಸ್ಥನೋ ಮನೆಯವರೋ? ಒಪ್ಪತಕ್ಕ ಕಾಲ ಯಾವದು? ಈ ಪ್ರಶ್ನೆಗಳು ಪಟ್ಟಣದ ಪಂಡಿತರಿಗೆ ಮಾತ್ರ ಸೇರಿದವುಗಳೆಂದು ನಾವು ತಿಳಿಯಕೂಡದು. ರೋಗವು ಊರನ್ನಾಗಲಿ ಕುಲವನ್ನಾಗಲಿ ಐಶ್ವರ್ಯವನ್ನಾಗಲಿ ಕೇಳಿಕೊಂಡು ಬರುವದಿಲ್ಲ. ಆದಕಾರಣ, ಪ್ರಿಯ ವಾಚಕರೇ, ಈ ಸಾರಿ ಇದರ ವಿಷಯವಾಗಿ ಸ್ವಲ್ಪ ಸಾವಧಾನದಿಂದ ವಿಚಾರಿಸೋಣ.

ಮೊದಲು ಆ ರೋಗವೆಂಥದೆಂದು ತಿಳಿಯೋಣ. ನಾವು ಕೈಯೆತ್ತಬೇಕಾದರೂ ಹೆಜ್ಜೆಯಿಡಬೇಕಾದರೂ ಮಾತಾಡಬೇಕಾದರೂ ಮಿದುಳಿನಿಂದ ಮಾಂಸಖಂಡಗಳಿಗೆ ಅಪ್ಪಣೆ ಹೋಗಬೇಕು. ಆ ಅಪ್ಪಣೆಯನ್ನು ಮುಟ್ಟಿಸುವ ನರಕೋಶಗಳು ಮಿದುಳಿನಲ್ಲಿಯೂ ಬೆನ್ನುಹುರಿಯಲ್ಲಿಯೂ ಇವೆ. ಈ ನರಕೋಶಗಳು ಕ್ರಮೇಣ ನಾಶವಾಗುವ ವ್ಯಾಧಿಗೆ ವೈದ್ಯರು ಮೋಟಾರ್ ನ್ಯೂರಾನ್ ರೋಗವೆಂದು ಹೆಸರಿಟ್ಟಿದ್ದಾರೆ. ಕಾಲುವೆ ಬತ್ತಿದ ಮೇಲೆ ಗದ್ದೆಯ ಪೈರು ಹೇಗೆ ಒಣಗುವದೋ ಹಾಗೆಯೇ ಅಪ್ಪಣೆ ಬಾರದ ಮಾಂಸಖಂಡಗಳು ಸೊರಗಿಹೋಗುವವು. ಪ್ಯಾರಿಸ್ ಪಟ್ಟಣದ ಶಾರ್ಕೋ ಎಂಬ ವೈದ್ಯರು ೧೮೬೯ರಿಂದ ೧೮೭೪ರ ವರೆಗಿನ ವರ್ಷಗಳಲ್ಲಿ ಇದರ ಮುಖ್ಯ ರೂಪವನ್ನು ವಿವರಿಸಿದರು. ಅಮೇರಿಕದ ಪ್ರಸಿದ್ಧ ಚೆಂಡಾಟಗಾರರಾದ ಲೂ ಗೆರಿಗ್ ಎಂಬವರಿಗೆ ೧೯೩೯ರಲ್ಲಿ ಈ ರೋಗವಿರುವದು ಗೊತ್ತಾಯಿತು. ಅವರು ೧೯೪೧ರಲ್ಲಿ ತಮ್ಮ ೩೭ನೆಯ ವಯಸ್ಸಿನಲ್ಲಿ ತೀರಿಹೋದರು. ಆ ದೇಶದ ಜನರು ಇಂದಿಗೂ ಇದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ರೋಗವನ್ನು ಗುಣಪಡಿಸುವ ಔಷಧ ಇಂದಿನ ವರೆಗೂ ಇಲ್ಲ. ರಿಲುಜೋಲ್ ಎಂಬ ಮಾತ್ರೆಯು ೧೯೯೫ರಿಂದ ಬಳಕೆಯಲ್ಲಿದ್ದು ಆಯುಷ್ಯಕ್ಕೆ ಕೆಲವು ತಿಂಗಳುಗಳನ್ನು ಕೂಡಿಸುತ್ತದೆ, ಅಷ್ಟೇ. ರೋಗ ತೋರಿದ ಮೇಲೆ ಹೆಚ್ಚಿನವರು ಎರಡರಿಂದ ಐದು ವರ್ಷಗಳೊಳಗೆ ತೀರಿಹೋಗುತ್ತಾರೆ. ಆದರೆ ಎಲ್ಲರ ದಾರಿಯೂ ಒಂದೇ ಅಲ್ಲ. ಇಂಗ್ಲೆಂಡಿನ ಶಾಸ್ತ್ರಜ್ಞರಾದ ಸ್ಟೀಫನ್ ಹಾಕಿಂಗ್ ಎಂಬವರು ೧೯೬೩ರಲ್ಲಿ ರೋಗ ಗೊತ್ತಾದ ಮೇಲೆ ೨೦೧೮ರ ವರೆಗೂ ಬದುಕಿದ್ದರು.

ನಮ್ಮ ದಕ್ಷಿಣ ಸೀಮೆಗೆ ವಿಶೇಷವಾಗಿ ಸೇರಿದ ಒಂದು ರೂಪವೂ ಉಂಟು. ೧೯೭೦ರಲ್ಲಿ ಮದ್ರಾಸಿನ ವೈದ್ಯರು ಅದನ್ನು ಮೊದಲು ವಿವರಿಸಿದ್ದರಿಂದ ಅದಕ್ಕೆ ಮದ್ರಾಸ್ ಮೋಟಾರ್ ನ್ಯೂರಾನ್ ರೋಗವೆಂಬ ಹೆಸರಾಯಿತು. ತಮಿಳು, ಕನ್ನಡ, ತೆಲುಗು ಮತ್ತು ಮಲಯಾಳ ಸೀಮೆಗಳಲ್ಲಿ ಅದು ಕಂಡುಬಂದಿದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯವರೂ ಅದನ್ನು ಪರಿಶೋಧಿಸಿದ್ದಾರೆ. ಅದು ಎಳೆಯ ಪ್ರಾಯದಲ್ಲಿ ಬರುವದು, ಅನೇಕರಲ್ಲಿ ಕಿವಿಯನ್ನು ಮಂದಮಾಡುವದು, ಆದರೆ ಬಹು ನಿಧಾನವಾಗಿ ನಡೆಯುವದು. ಅದು ಬಂದವರು ಎಷ್ಟೋ ವರ್ಷ ಬದುಕುವದುಂಟು. ಆದ್ದರಿಂದ ಕೈ ಬತ್ತಿದ ಮಾತ್ರಕ್ಕೆ ಇವನು ಇಷ್ಟೇ ದಿನ ಇರುವನೆಂದು ಊರವರು ಲೆಕ್ಕಹಾಕಕೂಡದು. ನರವೈದ್ಯರ ಪರೀಕ್ಷೆಯಾಗುವ ಮುಂಚೆ ಯಾವ ತೀರ್ಮಾನವೂ ಸಲ್ಲದು.

ಈ ರೋಗದಲ್ಲಿ ನಾವು ಮುಖ್ಯವಾಗಿ ಮನಸ್ಸಿಗೆ ತಂದುಕೊಳ್ಳತಕ್ಕ ಸಂಗತಿಯೊಂದುಂಟು. ಕೈ ಕಾಲು ನಾಲಿಗೆಗಳು ಸೋತುಹೋದರೂ ಹೆಚ್ಚಿನ ರೋಗಸ್ಥರಲ್ಲಿ ಬುದ್ಧಿಯು ತೆಳಿಯಾಗಿಯೇ ಇರುವದು. ಕೆಲವರಿಗೆ ಮಾತ್ರ ಬುದ್ಧಿಯೂ ನಡತೆಯೂ ಕೆಡುವದುಂಟು. ಉಳಿದವರು ನೋಡುತ್ತಾರೆ, ತಿಳಿಯುತ್ತಾರೆ, ನೆನಸುತ್ತಾರೆ, ದುಃಖಪಡುತ್ತಾರೆ. ಮಾತು ತೊದಲುವದನ್ನು ಕೇಳಿ, ಇವನಿಗೆ ತಿಳುವಳಿಕೆ ಹೋಯಿತೆಂದು ಎಣಿಸಿ ಅವನ ತಲೆಯ ಮೇಲಿನಿಂದ ಮಾತಾಡುವದು ದೊಡ್ಡ ಅನ್ಯಾಯ. ಮುಂದೆ ನಾವು ಹೇಳುವದೆಲ್ಲಾ ಈ ಸಂಗತಿಯ ಮೇಲೆ ನಿಂತಿದೆ.

ರೋಗವು ಗಂಟಲಿಗೆ ಮುಟ್ಟಿದಾಗ ಊಟವೇ ಕಷ್ಟವಾಗುವದು. ಮೊದಲು ನೀರು, ಮಜ್ಜಿಗೆ ಮುಂತಾದ ತೆಳ್ಳಗಿನ ಪದಾರ್ಥಗಳು ಅಡ್ಡದಾರಿ ಹಿಡಿಯುವವು. ಅನ್ನನಾಳಕ್ಕೆ ಇಳಿಯಬೇಕಾದದ್ದು ಉಸಿರಿನ ನಾಳಕ್ಕೆ ಇಳಿದರೆ ಕೆಮ್ಮು ಹತ್ತುವದು. ಅದು ಶ್ವಾಸಕೋಶಗಳಲ್ಲಿ ಸೇರಿದರೆ ನ್ಯುಮೋನಿಯಾ ಉಂಟಾಗುವದು. ಒಂದು ಊಟಕ್ಕೆ ಒಂದು ತಾಸು ಬೇಕಾಗುವದು. ಉಣ್ಣುವವನು ದಣಿದು ಸಾಕೆನ್ನುವನು. ಹೊಟ್ಟೆ ತುಂಬಿತೆಂದಲ್ಲ, ನುಂಗಿ ಸಾಕಾಯಿತೆಂದು. ಹೀಗೆ ದೇಹದ ತೂಕವು ಇಳಿಯುತ್ತಾ ಬರುವದು. ಆರಂಭದಲ್ಲಿ ನೆಟ್ಟಗೆ ಕುಳ್ಳಿರಿಸುವದು, ಗದ್ದವನ್ನು ಸ್ವಲ್ಪ ಎದೆಯ ಕಡೆಗೆ ಬಾಗಿಸಿ ನುಂಗಿಸುವದು, ನೀರನ್ನು ಗಂಜಿಯ ಹಾಗೆ ಮಂದಮಾಡಿ ಕೊಡುವದು, ಅನ್ನವನ್ನು ಮೆತ್ತಗೆ ಮಾಡುವದು, ಈ ಉಪಾಯಗಳು ಸಾಕಾಗುವವು. ಇವು ಸಾಲದೆ ಹೋಗುವ ಕಾಲ ಅನೇಕರಿಗೆ ಬರುವದು. ಆಗ ನಳಿಕೆಯ ಮಾತು ಬರುತ್ತದೆ.

ನಳಿಕೆಯನ್ನು ಇಡುವ ಕ್ರಮಗಳು ಒಂದೇ ವಿಧವಾಗಿಲ್ಲ. ಹೆಸರು ಕೇಳಿದೊಡನೆ ಹೆದರುವವರು ಬಹುಮಂದಿ. ತಿಳಿದರೆ ಹೆದರಿಕೆ ಕಡಿಮೆಯಾದೀತು. ಆದ್ದರಿಂದ ಒಂದೊಂದಾಗಿ ಹೇಳುವೆವು.

ಮೊದಲನೆಯದು ಮೂಗಿನ ನಳಿಕೆ. ತೆಳುವಾದ ನಳಿಕೆಯನ್ನು ಮೂಗಿನಿಂದ ಗಂಟಲಿನ ಮಾರ್ಗವಾಗಿ ಜಠರಕ್ಕೆ ಇಳಿಸುತ್ತಾರೆ. ಕೊಯ್ಯುವದೇನೂ ಇಲ್ಲ. ಆದರೆ ಅದು ಮೂಗನ್ನೂ ಗಂಟಲನ್ನೂ ಕೆರೆಯುವದು, ಸುಲಭವಾಗಿ ಜಾರಿಬರುವದು, ಯಾವಾಗಲೂ ಮುಖದ ಮೇಲೆ ಕಾಣುವದು. ಅದರ ತುದಿ ತಪ್ಪಿ ಶ್ವಾಸಕೋಶದೊಳಗೆ ಹೋದರೆ ಪ್ರಾಣಾಪಾಯ. ಆದಕಾರಣ ಅದು ಜಠರದಲ್ಲಿಯೇ ಇದೆಯೆಂದು ಪರೀಕ್ಷಿಸದೆ ಅದರಲ್ಲಿ ಏನನ್ನೂ ಹೊಯ್ಯಕೂಡದು. ಸ್ವಲ್ಪ ಕಾಲಕ್ಕೆ ಇದು ಆಗಬಹುದು, ಬಹುಕಾಲಕ್ಕೆ ತಕ್ಕದ್ದಲ್ಲ.

ಎರಡನೆಯದು ಹೊಟ್ಟೆಯ ಗೋಡೆಯ ಮೂಲಕ ಜಠರಕ್ಕೆ ಇಡುವ ನಳಿಕೆ. ಈ ಆಲೋಚನೆ ಹಳೆಯದು. ೧೮೪೯ರಲ್ಲಿಯೇ ಸ್ಟ್ರಾಸ್‌ಬರ್ಗ್ ಪಟ್ಟಣದ ಸೆದಿಯೋ ಎಂಬ ಶಸ್ತ್ರವೈದ್ಯರು ಹೊಟ್ಟೆಯನ್ನು ಕೊಯ್ದು ಇದನ್ನು ಮಾಡಿನೋಡಿದರು. ಆದರೆ ರೋಗಸ್ಥನು ಉಳಿಯಲಿಲ್ಲ. ಮುಂದೆ ಶಸ್ತ್ರವಿದ್ಯೆ ಬೆಳೆದ ಹಾಗೆ ಉಳಿಯುವವರೂ ಆದರು. ದೊಡ್ಡ ಕೊಯ್ತವಿಲ್ಲದೆ ಮಾಡುವ ಕ್ರಮವನ್ನು ೧೯೭೯ರಲ್ಲಿ ಅಮೇರಿಕದ ಕ್ಲೀವ್‌ಲೆಂಡ್ ಪಟ್ಟಣದಲ್ಲಿ ಗೌಡರರ್ ಮತ್ತು ಪೋನ್ಸ್ಕಿ ಎಂಬ ಇಬ್ಬರು ವೈದ್ಯರು ಒಂದು ಹಸುಗೂಸಿನಲ್ಲಿ ಮೊದಲು ಮಾಡಿ ಮರುವರ್ಷ ಪ್ರಕಟಿಸಿದರು. ಇದಕ್ಕೆ ಪೆಗ್ ಎಂದು ಹೆಸರು. ದೀಪವುಳ್ಳ ಎಂಡೋಸ್ಕೋಪು ಎಂಬ ಬಳುಕುವ ಕೊಳವೆಯನ್ನು ಬಾಯಿಂದ ಜಠರಕ್ಕೆ ಇಳಿಸುತ್ತಾರೆ. ಆ ದೀಪದ ಬೆಳಕು ಹೊಟ್ಟೆಯ ಚರ್ಮದ ಮೇಲೆ ಕಾಣುವ ಸ್ಥಳದಲ್ಲಿ ಮದ್ದಿನಿಂದ ಜೋಮುಹಿಡಿಸಿ, ಸೂಜಿಯನ್ನು ತೂರಿಸಿ ಅದರ ಮೂಲಕ ಒಂದು ದಾರವನ್ನು ಒಳಗೆ ಬಿಡುತ್ತಾರೆ. ಆ ದಾರವನ್ನು ಬಾಯಿಂದ ಹೊರಗೆ ತಂದು, ಅದಕ್ಕೆ ನಳಿಕೆಯನ್ನು ಕಟ್ಟಿ ಹೊಟ್ಟೆಯ ಕಡೆಯಿಂದ ಎಳೆದರೆ ನಳಿಕೆಯು ಬಾಯಿ, ಅನ್ನನಾಳ, ಜಠರಗಳನ್ನು ದಾಟಿ ಹೊಟ್ಟೆಯ ಮೇಲೆ ಹೊರಡುವದು. ಒಳತುದಿಯಲ್ಲಿರುವ ಬಿಲ್ಲೆಯು ಅದನ್ನು ಜಾರದಂತೆ ಹಿಡಿಯುವದು. ಇದು ಗಟ್ಟಿಯಾಗಿ ನಿಲ್ಲುವ ನಳಿಕೆ. ಆದರೆ ರೋಗಸ್ಥನು ಮಲಗಿರಬೇಕು, ಮಂಪರಿನ ಮದ್ದು ಬೇಕಾಗುವದು, ಬಾಯಲ್ಲಿ ಕೊಳವೆಯಿರುವದು. ಆದ್ದರಿಂದ ಉಸಿರು ಬಲಹೀನವಾದವನಿಗೆ ಇದರಲ್ಲಿ ಅಪಾಯ ಹೆಚ್ಚು.

ಮೂರನೆಯದಕ್ಕೆ ರಿಗ್ ಎಂದು ಹೆಸರು. ಇದರಲ್ಲಿ ಎಂಡೋಸ್ಕೋಪು ಇಲ್ಲ. ಮೂಗಿನ ಸಣ್ಣ ನಳಿಕೆಯಿಂದ ಜಠರದಲ್ಲಿ ಗಾಳಿ ತುಂಬಿಸಿ, ಎಕ್ಸ್-ರೇ ಯಂತ್ರದಲ್ಲಿ ನೋಡುತ್ತಾ, ಚರ್ಮಕ್ಕೆ ಜೋಮುಹಿಡಿಸಿ, ಹೊರಗಿನಿಂದಲೇ ನಳಿಕೆಯನ್ನು ಜಠರದೊಳಗೆ ಇಡುತ್ತಾರೆ. ಮಂಪರಿನ ಮದ್ದು ಸ್ವಲ್ಪ ಸಾಕು, ಇಲ್ಲದೆಯೂ ನಡೆಯಬಹುದು. ಉಸಿರಾಟಕ್ಕೆ ಸಹಾಯಮಾಡುವ ಮುಖವಾಡವನ್ನು ತೆಗೆಯಬೇಕಾಗಿಲ್ಲ. ಆದರೆ ಇದನ್ನು ಒಳಗೆ ಹಿಡಿದಿರುವದು ಸಾಮಾನ್ಯವಾಗಿ ನೀರು ತುಂಬಿದ ಸಣ್ಣ ಬುಗ್ಗೆ. ಅದು ಸೋರಿದರೆ ನಳಿಕೆ ಜಾರಿಬರುವದು, ಕೆಲವು ತಿಂಗಳಿಗೊಮ್ಮೆ ಬದಲಿಸಬೇಕಾಗುವದು. ನಾಲ್ಕನೆಯದು ಇವೆರಡರ ನಡುವಣದು: ಎಕ್ಸ್-ರೇಯಲ್ಲಿ ನೋಡುತ್ತಾ, ಎಂಡೋಸ್ಕೋಪು ಇಲ್ಲದೆ, ಬಿಲ್ಲೆಯುಳ್ಳ ಗಟ್ಟಿ ನಳಿಕೆಯನ್ನು ಬಾಯಿಂದ ಎಳೆದು ಇಡುವದು. ಎಲ್ಲಾ ಕ್ರಮಗಳೂ ಎಲ್ಲಾ ಆಸ್ಪತ್ರೆಗಳಲ್ಲಿ ಇರುವದಿಲ್ಲ.

ಇವುಗಳಲ್ಲಿ ಯಾವದು ಉತ್ತಮವೆಂದು ಬ್ರಿಟನ್ ದೇಶದ ೨೪ ಆಸ್ಪತ್ರೆಗಳಲ್ಲಿ ವೈದ್ಯರು ಕೂಡಿ ವಿಚಾರಿಸಿ ೨೦೧೫ರಲ್ಲಿ ಪ್ರಕಟಿಸಿದರು. ೩೪೫ ಮಂದಿ ರೋಗಸ್ಥರು ಅದರಲ್ಲಿ ಸೇರಿದ್ದರು. ನಳಿಕೆ ಇಡಿಸಿಕೊಂಡ ೩೩೦ ಮಂದಿಯಲ್ಲಿ ೧೨ ಮಂದಿ ಮೊದಲ ೩೦ ದಿನಗಳೊಳಗೆ ತೀರಿಹೋದರು. ಈ ವಿಷಯದಲ್ಲಿ ಕ್ರಮ ಕ್ರಮಗಳೊಳಗೆ ಎಣಿಸತಕ್ಕ ಭೇದ ಕಾಣಲಿಲ್ಲ. ಆದರೆ ಬೇರೊಂದು ಭೇದ ಕಂಡುಬಂತು: ನಳಿಕೆ ಇಡುವ ಮುಂಚೆ ಯಾರ ತೂಕವು ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಾಗಿ ಇಳಿದಿತ್ತೋ ಅವರು ಉಳಿದವರಿಗಿಂತ ಬೇಗ ತೀರಿಹೋದರು. ಆದ್ದರಿಂದ ತೂಕವು ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಇಳಿಯುವ ಹೊತ್ತಿಗೇ ಇದನ್ನು ಮಾಡಿಸುವದು ಒಳ್ಳೆಯದೆಂದು ಅವರು ಸೂಚಿಸಿದರು. ಅಂದರೆ ೬೦ ಕಿಲೋ ತೂಕದವನು ೫೭ ಕಿಲೋಗೆ ಇಳಿದಾಗ. ಉಸಿರಿನ ಬಲವು ಇರತಕ್ಕದ್ದರ ಅರ್ಧಕ್ಕಿಂತ ಕಡಿಮೆಯಾಗುವ ಮೊದಲೇ ಪೆಗ್ ಮಾಡಿಸಬೇಕೆಂದು ವೈದ್ಯರು ಬಹುಕಾಲದಿಂದ ಹೇಳುತ್ತಾ ಬಂದಿದ್ದಾರೆ. ೨೦೧೬ರಲ್ಲಿ ಇಂಗ್ಲೆಂಡಿನ ವೈದ್ಯರಿಗಾಗಿ ಮಾಡಿದ ನಿಬಂಧನೆಯಲ್ಲಿಯೂ ನಳಿಕೆಯ ಮಾತನ್ನು ಆರಂಭದಲ್ಲಿಯೇ ಎತ್ತಿ, ಆಗಾಗ್ಗೆ ತಿರಿಗಿ ಕೇಳಬೇಕೆಂದು ಹೇಳಿದೆ.

ಇದರಿಂದ ನಮಗೆ ತಿಳಿಯಬರುವದೇನು? ಹೇಗೆ ಇಡುವದೆಂಬದು ವೈದ್ಯರ ಪ್ರಶ್ನೆ. ಉಸಿರಿನ ಬಲವನ್ನೂ ಆಸ್ಪತ್ರೆಯ ಅನುಕೂಲವನ್ನೂ ನೋಡಿ ಅವರು ಅದನ್ನು ತೀರಿಸುವರು. ನಮ್ಮ ಪ್ರಶ್ನೆಯೋ ಕಾಲದ ಪ್ರಶ್ನೆ. ಕೇಳತಕ್ಕ ಕಾಲದಲ್ಲಿ ರೋಗಸ್ಥನನ್ನು ನಾವು ಕೇಳಿದೆವೋ? ಇಲ್ಲಿಯೇ ನಮ್ಮ ಮನೆಗಳಲ್ಲಿ ಕೊರತೆ ಕಾಣುತ್ತದೆ. ರೋಗದ ಹೆಸರು ಗೊತ್ತಾದೊಡನೆ ಮನೆಯವರು ವೈದ್ಯರನ್ನು ಬದಿಗೆ ಕರೆದು, ಅವನಿಗೆ ಹೇಳಬೇಡಿರಿ, ಎದೆಯೊಡೆದು ಹೋದಾನು ಎಂದು ಬೇಡಿಕೊಳ್ಳುತ್ತಾರೆ. ಇದು ಪ್ರೀತಿಯಿಂದ ಬಂದ ಮಾತೆಂಬದರಲ್ಲಿ ಸಂದೇಹವಿಲ್ಲ. ಆದರೆ ಅದರ ಫಲವನ್ನು ನೋಡಿರಿ. ತಿಂಗಳುಗಳು ಕಳೆಯುವವು. ಮಾತು ತೊದಲಿ ಕಡೆಗೆ ನಿಂತುಹೋಗುವದು. ಬರೆಯುವ ಕೈ ಬಿದ್ದುಹೋಗುವದು. ತೂಕ ಇಳಿಯುವದು, ಉಸಿರು ಕುಗ್ಗುವದು. ಒಂದು ರಾತ್ರಿ ಗಂಟಲು ಕಟ್ಟಿ ಆಸ್ಪತ್ರೆಗೆ ಹೊತ್ತುಕೊಂಡು ಓಡಿದಾಗ, ನಳಿಕೆ ಇಡಲೋ ಎಂದು ವೈದ್ಯರು ಕೇಳುವರು. ಆಗ ಉತ್ತರ ಕೊಡುವವರು ಅಣ್ಣತಮ್ಮಂದಿರು, ಅಳಿಯಂದಿರು, ನೆರೆಯವರು. ಯಾರ ದೇಹವೋ ಅವನು ಎಲ್ಲಾ ಕೇಳುತ್ತಾ ಮಲಗಿರುವನು, ಒಂದು ಮಾತೂ ಆಡಲಾರನು. ಪೆಗ್ ಮಾಡುವ ಕಾಲ ಮೀರಿಹೋಗಿರುವದು. ಯಾರೂ ಬೇಡವೆನ್ನಲಿಲ್ಲ, ಯಾರೂ ಬೇಕೆನ್ನಲಿಲ್ಲ, ಆದರೂ ತೀರ್ಮಾನ ಆಗಿಹೋಯಿತು. ತಡಮಾಡುವದು ತಾನೇ ಒಂದು ತೀರ್ಮಾನ. ಅದನ್ನು ಮಾಡಿದವರು ಮಾತ್ರ ತಾವು ಏನೂ ಮಾಡಲಿಲ್ಲವೆಂದು ತಿಳಿದುಕೊಳ್ಳುತ್ತಾರೆ.

ಹೇಳಿದರೆ ಧೈರ್ಯ ಕುಂದೀತು ಎಂಬ ಭಯಕ್ಕೆ ಏನು ಉತ್ತರ? ಕುಡಿದ ನೀರು ಮೂಗಿನಿಂದ ಬರುವದನ್ನು ಅವನೇ ಕಾಣುತ್ತಾನೆ. ನಿನ್ನೆ ಎತ್ತಿದ ಬಿಂದಿಗೆಯನ್ನು ಇಂದು ಎತ್ತಲಾರೆನೆಂದು ಅವನೇ ಬಲ್ಲನು. ನಾವು ಅವನಿಂದ ಮರೆಮಾಡುವದು ರೋಗವನ್ನಲ್ಲ, ನಮ್ಮ ಜೊತೆಯನ್ನು. ಎಲ್ಲರಿಗೂ ತಿಳಿದದ್ದನ್ನು ಯಾರೊಡನೆಯೂ ಆಡಲಾರದವನು ತುಂಬಿದ ಮನೆಯಲ್ಲಿ ಒಂಟಿಯಾಗುವನು. ಆದರೂ ಒಂದೇ ದಿನದಲ್ಲಿ ಎಲ್ಲವನ್ನೂ ಅವನ ತಲೆಯ ಮೇಲೆ ಸುರಿಯಬೇಕೆಂದು ನಾವು ಹೇಳುವದಿಲ್ಲ. ನಿನ್ನ ರೋಗದ ವಿಷಯವಾಗಿ ಎಷ್ಟು ತಿಳಿಯಬೇಕೆಂದು ನಿನ್ನ ಮನಸ್ಸುಂಟು ಎಂದು ಮೊದಲು ಅವನನ್ನೇ ಕೇಳತಕ್ಕದ್ದು. ನನಗೆ ಬೇಡ, ನನ್ನ ಹೆಂಡತಿಗೆ ಹೇಳಿರಿ, ಅವಳು ಮಾಡಿದ್ದೇ ನನಗೆ ಸಮ್ಮತ ಎಂದು ಅವನು ಹೇಳಿದರೆ ಅದೂ ಅವನ ಆಯ್ಕೆಯೇ. ಕೇಳದೆ ಬಿಟ್ಟದ್ದು ಮಾತ್ರ ಅವನ ಆಯ್ಕೆಯಲ್ಲ.

ಇನ್ನು ಜನರ ಬಾಯಲ್ಲಿರುವ ಕೆಲವು ಸಂದೇಹಗಳನ್ನು ನೋಡೋಣ. ಹೊಟ್ಟೆಯಲ್ಲಿ ಬಾಗಿಲು ಮಾಡುವದು ಸೃಷ್ಟಿಕರ್ತನ ಏರ್ಪಾಡಿಗೆ ವಿರೋಧವಲ್ಲವೋ ಎಂದು ಕೆಲವರು ಕೇಳುತ್ತಾರೆ. ಕುಂಟನ ಕೈಯಲ್ಲಿರುವ ಕೋಲೂ ಮುದುಕನ ಕನ್ನಡಕವೂ ವಿರೋಧವಲ್ಲವಾದರೆ ಇದೂ ಅಲ್ಲ. ಪಾರ್ಶ್ವವಾಯು ರೋಗಿಯನ್ನು ಹೊತ್ತುತಂದ ನಾಲ್ವರ ಕಥೆಯು ನಮ್ಮ ಮಕ್ಕಳಿಗೂ ತಿಳಿದದೆ. ಬಾಗಿಲು ಜನರಿಂದ ಕಟ್ಟಿಹೋಗಿರಲಾಗಿ ಅವರು ಮಾಳಿಗೆಯನ್ನು ತೆರೆದು ಅವನನ್ನು ಇಳಿಸಿದರು. ಅದಕ್ಕೆ ಅವರನ್ನು ಯಾರೂ ಗದರಿಸಲಿಲ್ಲ. ಇರುವ ಬಾಗಿಲು ಮುಚ್ಚಿದಾಗ ಬೇರೆ ದಾರಿಯನ್ನು ತೆರೆಯುವದು ಅಪನಂಬಿಕೆಯಲ್ಲ.

ಹಾಗಾದರೆ ನಳಿಕೆ ಬೇಡವೆಂದು ಹೇಳುವವನು ಆತ್ಮಹತ್ಯ ಮಾಡಿಕೊಂಡ ಹಾಗಾಗುವದೋ? ಅದೂ ಅಲ್ಲ. ನಳಿಕೆಯು ರೋಗವನ್ನು ಗುಣಪಡಿಸುವದಿಲ್ಲ. ಅದು ಆಹಾರ, ನೀರು, ಔಷಧಗಳಿಗೆ ದಾರಿಯಾಗುವದು, ಊಟದ ಯುದ್ಧದಿಂದ ಬಿಡುವು ಕೊಡುವದು. ಆದರೆ ಬಾಯ ಜೊಲ್ಲು ಶ್ವಾಸಕೋಶಕ್ಕೆ ಇಳಿಯುವದನ್ನು ಅದು ತಡೆಯದು. ಆಯುಷ್ಯವನ್ನು ಎಷ್ಟು ಹೆಚ್ಚಿಸುವದೆಂಬದು ಖಂಡಿತವಾಗಿ ಗೊತ್ತಾಗಿಲ್ಲ. ಪ್ರಯೋಜನವನ್ನೂ ಕಷ್ಟವನ್ನೂ ತೂಗಿನೋಡಿ, ನನಗೆ ಇದು ಬೇಡ, ಬಾಯಿಂದ ಇಳಿದಷ್ಟು ಸಾಕು ಎಂದು ತಿಳುವಳಿಕೆಯುಳ್ಳವನು ಹೇಳಿದರೆ ಅವನನ್ನು ಕೊಲ್ಲುವದು ರೋಗವೇ ಹೊರತು ಅವನ ಮಾತಲ್ಲ. ಅವನ ಮೇಲೆ ಪಾಪದ ಹೊರೆಯನ್ನು ಹೊರಿಸುವ ಅಧಿಕಾರ ನಮಗಿಲ್ಲ.

ಆದರೆ ಇಲ್ಲಿ ನಾವು ಬಹು ಎಚ್ಚರವಾಗಿರಬೇಕು. ಬೇಡ ಎಂಬ ಒಂದೇ ಮಾತು ಎರಡು ಸ್ಥಳಗಳಿಂದ ಹೊರಡಬಹುದು. ಒಬ್ಬನು ತನ್ನ ಬಾಳು ತುಂಬಿತೆಂದು ಸಮಾಧಾನದಿಂದ ಬೇಡವೆನ್ನುವನು. ಇನ್ನೊಬ್ಬನು ಮನೆಯ ಸಾಲವನ್ನು ನೆನಸಿ, ಕೂಲಿ ಬಿಟ್ಟು ತನ್ನ ಬಳಿಯಲ್ಲಿ ಕೂತ ಮಗನನ್ನು ನೋಡಿ, ಸೊಸೆಯ ಮುಖದ ದಣಿವನ್ನು ಓದಿ, ನಾನು ಇವರಿಗೆ ಭಾರವಾದೆನು ಎಂದು ಬೇಡವೆನ್ನುವನು. ಎರಡನೆಯವನ ಬೇಡವನ್ನು ಕೇಳಿ ನಾವು ಸುಮ್ಮನಾದರೆ ಆ ತಪ್ಪು ಅವನದಲ್ಲ, ನಮ್ಮದು. ಮೊದಲು ಭಾರವನ್ನು ಹಂಚಿಕೊಳ್ಳೋಣ, ಆಮೇಲೆ ಅವನನ್ನು ತಿರಿಗಿ ಕೇಳೋಣ. ಹಾಗೆಯೇ ಮನೆಯವರು ಹಸಿವೆಯಿಂದ ಸಾಯಿಸಿದರೆಂದು ಊರು ಆಡಿಕೊಂಡೀತೆಂಬ ಭಯದಿಂದ, ಒಲ್ಲೆನೆನ್ನುವವನಿಗೆ ಬಲವಂತವಾಗಿ ನಳಿಕೆ ಇಡಿಸುವದೂ ಪ್ರೀತಿಯಲ್ಲ. ಅದು ಊರ ಬಾಯಿಗೆ ಕೊಡುವ ಕಾಣಿಕೆ.

ಇನ್ನೂ ಬಾಯಿಂದ ಉಣ್ಣುತ್ತಿರುವವನಿಗೆ ಈಗಲೇ ನಳಿಕೆ ಯಾಕೆ ಎಂಬದು ಮತ್ತೊಂದು ಸಂದೇಹ. ಹೊಳೆ ತುಂಬಿದ ಮೇಲೆ ದೋಣಿಗೆ ಮರ ಕಡಿಯುವವನುಂಟೋ? ನಳಿಕೆ ಇಟ್ಟ ಮಾತ್ರಕ್ಕೆ ಬಾಯಿ ಮುಚ್ಚುವದಿಲ್ಲ. ಬೇಕಾಗುವ ವರೆಗೆ ದಿನಾಲು ಸ್ವಲ್ಪ ನೀರು ಹೊಯ್ದು ಅದನ್ನು ಶುದ್ಧವಾಗಿಡಬಹುದು. ನುಂಗಬಲ್ಲಷ್ಟು ದಿನ ಬಾಯಿಂದಲೇ ಉಣ್ಣಬಹುದು. ಒಪ್ಪಿದವನು ಮುಂದೆ ಮನಸ್ಸು ಬದಲಿಸಲೂ ಬಹುದು. ಕಡೆಯ ದಿನಗಳಲ್ಲಿ ದೇಹವು ಆಹಾರವನ್ನು ಜೀರ್ಣಿಸಿಕೊಳ್ಳಲಾರದೆ ಹೋದಾಗ ವೈದ್ಯರ ಮಾತಿನಂತೆ ಅದನ್ನು ಕಡಿಮೆಮಾಡುವದೂ ನಿಲ್ಲಿಸುವದೂ ಕೊಲೆಯಲ್ಲ. ಆಗ ಬಲವಂತವಾಗಿ ತುಂಬಿದರೆ ಉಬ್ಬಸವೂ ಬಾವೂ ಹೆಚ್ಚುವವು. ಒದ್ದೆ ಬಟ್ಟೆಯಿಂದ ತುಟಿಯನ್ನು ತೇವಮಾಡುತ್ತಾ ಹತ್ತಿರ ಕೂತಿರುವದೇ ಆಗಿನ ಊಟ.

ನಮ್ಮ ದೇಶದ ಕಾನೂನು ಸಹ ಇದರ ವಿಷಯವಾಗಿ ಮಾತಾಡಿದೆ. ಸ್ವಸ್ಥ ಬುದ್ಧಿಯುಳ್ಳ ಪ್ರಾಯಸ್ಥನು, ಮುಂದೆ ತನಗೆ ಮಾತು ಇಲ್ಲವಾದರೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡವೆಂದು ಮುಂದಾಗಿಯೇ ಬರೆದಿಡಬಹುದೆಂದು ಭಾರತದ ಸುಪ್ರೀಮ್ ಕೋರ್ಟು ೨೦೧೮ರಲ್ಲಿ ತೀರ್ಪುಕೊಟ್ಟಿತು. ೨೦೨೩ರಲ್ಲಿ ಅದರ ಕ್ರಮವನ್ನು ಸುಲಭಮಾಡಿತು: ಇಬ್ಬರು ಸಾಕ್ಷಿಗಳ ಮುಂದೆ ರುಜುಹಾಕಿ, ನೋಟರಿಯ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ದೃಢಪಡಿಸಿದರೆ ಸಾಕು. ಈ ತೀರ್ಪನ್ನು ನಡಿಸುವದಕ್ಕಾಗಿ ಕರ್ನಾಟಕದ ಆರೋಗ್ಯ ಇಲಾಖೆಯು ೨೦೨೫ರ ಜನವರಿಯಲ್ಲಿ ಆಜ್ಞೆಯನ್ನು ಹೊರಡಿಸಿತು. ತನ್ನ ಪರವಾಗಿ ಮಾತಾಡತಕ್ಕವರು ಯಾರೆಂದು ಅದರಲ್ಲಿ ಹೆಸರಿಸಬಹುದು. ಹೊಲದ ಪಾಲುಪತ್ರವನ್ನು ಕಾಲವಿರುವಾಗಲೇ ಬರಸುವ ನಮಗೆ ಇದು ಹೊಸದಾಗಿ ತೋರಬೇಕಾಗಿಲ್ಲ.

ನಳಿಕೆ ಇಡಿಸಿಕೊಂಡು ಮನೆಗೆ ಬಂದವನನ್ನು ನೋಡಿಕೊಳ್ಳುವದು ಓದು ಬಾರದವರಿಗೂ ಸಾಧ್ಯವಾದ ಕೆಲಸ. ಆಹಾರ ಕೊಡುವಾಗಲೂ, ಕೊಟ್ಟ ಮೇಲೆ ಅರ್ಧದಿಂದ ಒಂದು ತಾಸಿನ ವರೆಗೂ ತಲೆಯನ್ನೂ ಎದೆಯನ್ನೂ ಎತ್ತರವಾಗಿಡಬೇಕು. ಕೊಡುವ ಮುಂಚೆಯೂ ಆಮೇಲೆಯೂ ಶುದ್ಧವಾದ ನೀರು ಹೊಯ್ದು ನಳಿಕೆಯನ್ನು ತೊಳೆಯಬೇಕು. ಮನೆಯ ಗಂಜಿಯನ್ನು ಕೊಡುವದಾದರೆ ಆಸ್ಪತ್ರೆಯವರನ್ನು ಕೇಳಿ, ನುಣ್ಣಗೆ ಅರೆದು, ಬಟ್ಟೆಯಲ್ಲಿ ಸೋಸಿಯೇ ಕೊಡಬೇಕು. ಇಲ್ಲವಾದರೆ ನಳಿಕೆ ಕಟ್ಟಿಕೊಳ್ಳುವದು. ಕೈ ತೊಳೆಯದೆ ಮುಟ್ಟಕೂಡದು. ನಳಿಕೆಯ ಸುತ್ತಲಿನ ಚರ್ಮವನ್ನು ದಿನಾಲು ತೊಳೆದು ಒಣಗಿಸಬೇಕು. ಕೆಂಪಾದರೆ, ಕೀವು ಕಂಡರೆ, ಜ್ವರ ಬಂದರೆ ವೈದ್ಯರಿಗೆ ತಿಳಿಸಬೇಕು. ನಳಿಕೆ ಪೂರಾ ಜಾರಿಬಂದರೆ ನಾಳೆ ನೋಡೋಣವೆನ್ನದೆ ಆಗಲೇ ಆಸ್ಪತ್ರೆಗೆ ಹೋಗಬೇಕು, ಯಾಕಂದರೆ ರಂಧ್ರವು ಕೆಲವು ತಾಸುಗಳಲ್ಲಿಯೇ ಮುಚ್ಚಿಕೊಳ್ಳತೊಡಗುವದು. ನೆರೆಹೊರೆಯವರಲ್ಲಿ ಇಬ್ಬರು ಇದನ್ನು ಕಲಿತುಕೊಂಡರೆ ಮನೆಯವರಿಗೆ ಒಂದು ದಿನದ ನಿದ್ರೆಯಾದರೂ ದೊರೆಯುವದು. ಅವರ ಮಗನು ಒಂದು ದಿನ ಕೂಲಿಗೆ ಹೋದಾನು. ಮೇಲೆ ಹೇಳಿದ ಭಾರವನ್ನು ಹಂಚಿಕೊಳ್ಳುವದೆಂದರೆ ಇದೇ.

ಕಡೆಯದಾಗಿ ಒಂದು ಮಾತು. ಊಟವೆಂಬದು ಹೊಟ್ಟೆಗೆ ಹೋಗುವ ಪದಾರ್ಥ ಮಾತ್ರವಲ್ಲ. ಒಂದೇ ಒಲೆಯ ಸುತ್ತಲೂ ಕೂತು, ಒಬ್ಬರ ಮುಖವನ್ನೊಬ್ಬರು ನೋಡಿ, ಇಂದಿನ ಮಾತನ್ನು ಆಡಿಕೊಳ್ಳುವದೂ ಊಟವೇ. ನಳಿಕೆ ಬಂದ ಮೇಲೆ ರೋಗಸ್ಥನಿಗೆ ಒಂದು ಮೂಲೆಯಲ್ಲಿ ಹೊಯ್ದುಬಿಟ್ಟು ಉಳಿದವರು ಬೇರೆ ಕಡೆ ಉಣ್ಣುವ ಪದ್ಧತಿ ಬೇಗನೆ ಬರುವದುಂಟು. ಅದನ್ನು ಬರಗೊಡಿಸಬಾರದು. ಎಲ್ಲರೂ ಉಣ್ಣುವ ಹೊತ್ತಿಗೇ ಅವನಿಗೂ ಕೊಡಿರಿ, ಎಲ್ಲರ ನಡುವೆಯೇ ಕುಳ್ಳಿರಿಸಿರಿ. ಊಟದ ಪ್ರಾರ್ಥನೆಯಲ್ಲಿ ಅವನ ಹೆಸರನ್ನು ಬಿಡಬೇಡಿರಿ. ವೈದ್ಯರು ಸಮ್ಮತಿಸಿದರೆ ಹಬ್ಬದ ದಿನ ಪಾಯಸದ ಒಂದು ಹನಿಯನ್ನು ನಾಲಿಗೆಗೆ ಮುಟ್ಟಿಸಿರಿ.

ಆದಕಾರಣ, ಪ್ರಿಯ ವಾಚಕರೇ, ನಿಮ್ಮ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಈ ರೋಗವು ಕಂಡರೆ ಮೊದಲು ನಳಿಕೆಯ ಭಯವನ್ನೂ ಊರ ಮಾತನ್ನೂ ಬದಿಗಿಡಿರಿ. ರೋಗಸ್ಥನ ಬಳಿಯಲ್ಲಿ ಕೂತು, ಅವನ ನಾಲಿಗೆಯಲ್ಲಿ ಇನ್ನೂ ಮಾತಿರುವಾಗಲೇ, ನಿನಗೆ ಯಾವದು ಬೇಕು ಎಂದು ಕೇಳಿರಿ. ಉತ್ತರ ಬರುವ ವರೆಗೆ ಕಾದಿರಿ. ಬಂದ ಉತ್ತರವು ನಮಗೆ ಇಷ್ಟವಾಗದಿದ್ದರೂ ಅದನ್ನು ಮನ್ನಿಸಿರಿ. ಮಾತು ಹೋದ ಮೇಲೆ ಬೆರಳಿನಿಂದಲೋ ಕಣ್ಣಿನ ರೆಪ್ಪೆಯಿಂದಲೋ ಕೇಳುತ್ತಾ ಇರಿ. ಹಸಿದವನ ಬಾಯಿಗೆ ಅನ್ನವಿಡುವದು ಎಷ್ಟು ದೊಡ್ಡದೋ ಅವನ ಬಾಯ ಮಾತಿಗೆ ಕಿವಿಗೊಡುವದು ಅಷ್ಟೇ ದೊಡ್ಡದು.